ಗೋಡೆಕಾಗದಕ್ಕೆ ಮುನ್ನ ಗೋಡೆಯ ಪರೀಕ್ಷೆ: ಕಾಫಿ ಸೀಮೆಯ ಮನೆಗಳಿಗೊಂದು ಮಾರ್ಗದರ್ಶನ

ಚಿಕ್ಕಮಗಳೂರು, ಮೂಡಿಗೆರೆ ಹಾಗೂ ಕಳಸ ಪ್ರದೇಶಗಳ ಮನೆಗಳಲ್ಲಿ ಒಳಾಂಗಣ ಅಲಂಕಾರದತ್ತ ಒಲವು ಹೆಚ್ಚಿದೆ. ಕಾಫಿ ದರದ ಏರಿಳಿತಗಳಿಂದ ಪಾಠ ಕಲಿತ ಅನೇಕ ಬೆಳೆಗಾರ ಕುಟುಂಬಗಳು ತಮ್ಮ ಮನೆಯ ಕೆಲವು ಕೋಣೆಗಳನ್ನು ಹೋಂಸ್ಟೇ ಅತಿಥಿಗಳಿಗೆ ಮೀಸಲಿಟ್ಟಿರುವುದು ಇದಕ್ಕೊಂದು ಮುಖ್ಯ ಕಾರಣ. ಸುಣ್ಣ ಮತ್ತು ಡಿಸ್ಟೆಂಪರ್ ಬಳಿದ ಗೋಡೆಗಳ ಸ್ಥಾನದಲ್ಲಿ ಪೇಟೆಯಲ್ಲಿ ವಾಲ್‌ಪೇಪರ್ ಎಂದು ಕರೆಯಲ್ಪಡುವ ಗೋಡೆಕಾಗದವು ಕಾಣಿಸಿಕೊಳ್ಳತೊಡಗಿದೆ. ಒಂದೆರಡು ದಿನಗಳ ಕೆಲಸದಲ್ಲಿ ಕೋಣೆಯ ರೂಪವನ್ನೇ ಬದಲಿಸಬಲ್ಲ ಈ ವಸ್ತುವಿಗೆ ಬೇಡಿಕೆ ಬಂದಿರುವುದು ಸಹಜವೇ ಆಗಿದೆ.

ಆದರೆ ಗೋಡೆಕಾಗದದ ಮಾದರಿ ಪುಸ್ತಕಗಳು ಸಿದ್ಧವಾಗುವುದು ಮಲೆನಾಡಿನ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಅಲ್ಲ. ದಸರಾ ರಜೆಯ ಅತಿಥಿಗಳಿಗಾಗಿ ಸೆಪ್ಟೆಂಬರ್ ತಿಂಗಳಲ್ಲಿ ಅವಸರದಿಂದ ಅಂಟಿಸಿದ ಕಾಗದವು ಮುಂದಿನ ಆಶ್ಲೇಷಾ ಮಳೆಯ ಹೊತ್ತಿಗೆ ಅಂಚು ಬಿಟ್ಟು, ಒಳಗೆ ಬೂಷ್ಟು ಹಿಡಿದು, ಕೋಣೆಯನ್ನೇ ಬಳಸಲಾಗದಂತೆ ಮಾಡುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಕಾಗದದ ಬೆಲೆಯ ಜೊತೆಗೆ ಅದನ್ನು ಕೀಳುವ ಕೂಲಿ, ಗಾರೆಯ ದುರಸ್ತಿ, ಕೋಣೆ ಮುಚ್ಚಿದ ದಿನಗಳ ಬಾಡಿಗೆ ಹಾಗೂ ಅತಿಥಿಗಳ ವಿಶ್ವಾಸ ಇವೆಲ್ಲವೂ ನಷ್ಟದ ಪಟ್ಟಿಗೆ ಸೇರುತ್ತವೆ. ಆದುದರಿಂದ ಕಾಗದದ ಬಣ್ಣ, ವಿನ್ಯಾಸಗಳ ಆಯ್ಕೆಗೆ ಮೊದಲು ಪರಿಶೀಲಿಸಬೇಕಾದ ಅಂಶಗಳನ್ನು ಇಲ್ಲಿ ಕ್ರಮವಾಗಿ ವಿವೇಚಿಸಲಾಗಿದೆ.

ಮಳೆ ಮತ್ತು ಗಾಳಿಯ ತೇವಾಂಶ

ಚಿಕ್ಕಮಗಳೂರು ಜಿಲ್ಲೆಯಲ್ಲಿ ಮಳೆಯ ಹಂಚಿಕೆ ಒಂದೇ ಸಮನಾಗಿಲ್ಲ. ಪೂರ್ವದ ಕಡೂರು ಮಳೆನೆರಳಿನ ಪ್ರದೇಶ. ಅಲ್ಲಿಂದ ಪಶ್ಚಿಮಕ್ಕೆ ಸಾಗಿದಂತೆ ಮಳೆ ಹೆಚ್ಚುತ್ತಾ ಹೋಗುತ್ತದೆ. ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರ, ಕುದುರೆಮುಖ ಶ್ರೇಣಿಯ ಮಗ್ಗುಲಲ್ಲಿರುವ ಕಳಸ ಮುಂತಾದ ಕಡೆಗಳಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲೇ ಬೀಳುತ್ತದೆ. ಆದುದರಿಂದ ಕಡೂರಿನ ಮನೆಯೊಂದರಲ್ಲಿ ಚೆನ್ನಾಗಿ ಬಾಳಿದ ಕಾಗದವು ಬಾಳೂರು ಅಥವಾ ಹೊರನಾಡಿನ ಮನೆಯಲ್ಲಿಯೂ ಹಾಗೆಯೇ ಬಾಳುತ್ತದೆಂದು ಭಾವಿಸಲಾಗದು.

ಮಳೆಯ ನೀರು ಗೋಡೆಗೆ ತಾಗದಿದ್ದರೂ ಗಾಳಿಯ ತೇವವು ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಇದಕ್ಕೆ ಕಾಫಿ ವ್ಯಾಪಾರದಲ್ಲಿಯೇ ಒಂದು ನಿದರ್ಶನವುಂಟು. ಮಾನ್ಸೂನ್ಡ್ ಮಲಬಾರ್ ಎಂಬ ಹೆಸರಿನಲ್ಲಿ ರಫ್ತಾಗುವ ಕಾಫಿಯನ್ನು ಕರಾವಳಿಯ ಗೋದಾಮುಗಳಲ್ಲಿ ಹರಡಿ, ಮಳೆಗಾಲದ ಗಾಳಿಗೆ ಒಡ್ಡಲಾಗುತ್ತದೆ. ಒಂದು ಹನಿ ನೀರು ಬೀಳದಿದ್ದರೂ ಶೇ. 10-11ರಷ್ಟು ತೇವಾಂಶವಿದ್ದ ಬೀಜವು ಕೆಲವು ವಾರಗಳಲ್ಲಿ ಶೇ. 13-14ಕ್ಕೆ ಏರಿ, ಉಬ್ಬಿ, ಬಣ್ಣವನ್ನೇ ಬದಲಿಸುತ್ತದೆ. ಕಾಗದವೂ ಅದರ ಅಂಟೂ ಗಾಳಿಯಿಂದ ತೇವವನ್ನು ಹೀರುವ ವಸ್ತುಗಳೇ. ಕಾಫಿಗೆ ಗುಣವಾಗಿ ಪರಿಣಮಿಸುವ ಈ ಕ್ರಿಯೆಯು ಗೋಡೆಯ ಮೇಲಿನ ಕಾಗದಕ್ಕೆ ದೋಷವಾಗಿ ಪರಿಣಮಿಸುತ್ತದೆ.

ಗೋಡೆ ಯಾವುದರಿಂದ ಕಟ್ಟಲ್ಪಟ್ಟಿದೆ?

ಮಲೆನಾಡಿನ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗೋಡೆಗಳನ್ನು ಕಾಣಬಹುದು.

ಮೊದಲನೆಯದು ಹಳೆಯ ಮಣ್ಣಿನ ಗೋಡೆ ಅಥವಾ ಹಸಿ ಇಟ್ಟಿಗೆಯ ಗೋಡೆ. ಇವು ದಪ್ಪವಾಗಿದ್ದು, ತೇವವನ್ನು ಹೀರಿ ನಿಧಾನವಾಗಿ ಹೊರಬಿಡುತ್ತವೆ. ಸುಣ್ಣದ ಲೇಪವು ಈ ಉಸಿರಾಟಕ್ಕೆ ಅಡ್ಡಿಯನ್ನುಂಟುಮಾಡುವುದಿಲ್ಲ. ಮಳೆಗಾಲಕ್ಕೆ ಮುನ್ನ ಗಾಳಿಯ ದಿಕ್ಕಿನ ಗೋಡೆಗಳಿಗೆ ಅಡಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಪದ್ಧತಿಯ ಹಿಂದೆಯೂ ಸೂರನ್ನು ಬಹು ಮುಂದಕ್ಕೆ ಇಳಿಸುತ್ತಿದ್ದ ಪದ್ಧತಿಯ ಹಿಂದೆಯೂ ಈ ಗೋಡೆಗಳ ಸ್ವಭಾವದ ಅರಿವಿತ್ತು.

ಎರಡನೆಯದು ಜಂಬಿಟ್ಟಿಗೆ ಅಥವಾ ಕಲ್ಲಿನ ಗೋಡೆ. ಜಂಬಿಟ್ಟಿಗೆಯು ರಂಧ್ರಮಯವಾದುದರಿಂದ ನೆಲದ ನೀರು ಅದರ ಮೂಲಕ ಮೇಲೇರಬಲ್ಲದು. ಹಳೆಯ ತೋಟದ ಬಂಗಲೆಗಳಲ್ಲಿ ನೆಲಗಟ್ಟಿನ ಮೇಲೆ ತೇವತಡೆ ಪದರವಿಲ್ಲದಿದ್ದರೆ ಈ ತೊಂದರೆ ಹೆಚ್ಚು.

ಮೂರನೆಯದು ಸಿಮೆಂಟ್ ಬ್ಲಾಕ್ ಅಥವಾ ಸುಟ್ಟ ಇಟ್ಟಿಗೆಯ ಮೇಲೆ ಸಿಮೆಂಟ್ ಗಾರೆ ಮಾಡಿದ ಹೊಸ ಗೋಡೆ. ಇದು ನೋಡಲು ಒಣಗಿದಂತಿದ್ದರೂ ಕಟ್ಟುವಾಗ ಬಳಸಿದ ನೀರು ತಿಂಗಳುಗಟ್ಟಲೆ ಒಳಗೆ ಉಳಿದಿರುತ್ತದೆ. ಹಸಿ ಸಿಮೆಂಟಿನ ಕ್ಷಾರಗುಣವು ಅಂಟನ್ನೂ ಬಣ್ಣವನ್ನೂ ಕೆಡಿಸುತ್ತದೆ. ಹೊಸ ಗೋಡೆಯು ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯನ್ನು ಕಳೆಯುವವರೆಗೆ ಕಾಗದದ ಯೋಚನೆಯನ್ನು ಮುಂದೂಡುವುದು ಕ್ಷೇಮ.

ಛಾವಣಿಯನ್ನೂ ಗಮನಿಸಬೇಕು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆಯನ್ನು ಆರಂಭಿಸಿದ ನಂತರ ಪ್ರಸಿದ್ಧಿಗೆ ಬಂದ ಮಂಗಳೂರು ಹೆಂಚು ಈ ಭಾಗದ ಮನೆಗಳಲ್ಲಿ ಇಂದಿಗೂ ಇದೆ. ಹೆಂಚಿನ ಸಂದುಗಳ ಮೂಲಕ ಮನೆಯ ತೇವದ ಗಾಳಿ ಹೊರಹೋಗುತ್ತದೆ. ಅದೇ ಮನೆಗೆ ಕಾಂಕ್ರೀಟ್ ತಾರಸಿಯನ್ನೋ ಸಂದಿಲ್ಲದ ಒಳಚಾವಣಿಯನ್ನೋ ಹಾಕಿದಾಗ ಆ ದಾರಿ ಮುಚ್ಚಿಹೋಗುತ್ತದೆ. ಹೆಂಚೊಂದು ಜರುಗಿ ಸೋರಿದರೆ ನೀರು ಗೋಡೆಯ ತಲೆಯಿಂದ ಕಾಗದದ ಹಿಂದಕ್ಕೆ ಇಳಿಯುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ತೇವದ ನಾಲ್ಕು ಮೂಲಗಳು

ಗೋಡೆ ತೇವಗೊಂಡಿದೆ ಎಂದಷ್ಟೇ ತಿಳಿದರೆ ಸಾಲದು. ತೇವ ಎಲ್ಲಿಂದ ಬರುತ್ತಿದೆ ಎಂಬುದನ್ನು ಗುರುತಿಸಿದಾಗ ಮಾತ್ರ ಪರಿಹಾರ ಸಾಧ್ಯ.

1. ನೆಲದಿಂದ ಏರುವ ತೇವ: ಗೋಡೆಯ ಬುಡದಿಂದ ಎರಡು ಮೂರು ಅಡಿಗಳವರೆಗೆ ಕಲೆ ಕಾಣಿಸುತ್ತದೆ. ಕಲೆಯ ಮೇಲಂಚಿನಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿರುತ್ತದೆ ಮತ್ತು ಬಣ್ಣ ಪುಡಿಯಾಗಿ ಉದುರುತ್ತದೆ.

2. ಹೊರಗಿನಿಂದ ನುಗ್ಗುವ ತೇವ: ಜಡಿಮಳೆ ಬಡಿಯುವ ಗೋಡೆಗಳಲ್ಲಿ, ಅದರಲ್ಲೂ ಪಶ್ಚಿಮ ಮತ್ತು ನೈಋತ್ಯ ದಿಕ್ಕಿನವುಗಳಲ್ಲಿ, ಮಳೆ ಜೋರಾದಾಗ ಕಲೆ ಹಿಗ್ಗಿ, ಬಿಸಿಲು ಬಂದಾಗ ಕುಗ್ಗುತ್ತದೆ.

3. ಸೋರಿಕೆ: ಹೆಂಚು, ತಾರಸಿ, ನಳದ ಕೊಳವೆ ಅಥವಾ ಪಕ್ಕದ ಸ್ನಾನಗೃಹದ ಗೋಡೆಯಿಂದ ಬರುವ ನೀರು. ಇಲ್ಲಿ ಕಲೆಯು ಒಂದು ನಿರ್ದಿಷ್ಟ ಸ್ಥಳದಲ್ಲಿರುತ್ತದೆ. ಕೊಳವೆಯ ಸೋರಿಕೆಯಾದರೆ ಬೇಸಿಗೆಯಲ್ಲಿಯೂ ಆರುವುದಿಲ್ಲ.

4. ಕೋಣೆಯ ಒಳಗಿನ ತೇವ: ತಣ್ಣನೆಯ ಗೋಡೆಯ ಮೇಲೆ ಕೋಣೆಯ ಗಾಳಿಯ ಆವಿ ಹನಿಗಟ್ಟುವುದನ್ನು ಜನರು ಗೋಡೆ ಬೆವರುವುದು ಎನ್ನುತ್ತಾರೆ. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಕೋಣೆಯೊಳಗೆ ಒಣಹಾಕುವುದು, ಸ್ನಾನಗೃಹದ ಬಿಸಿನೀರಿನ ಆವಿ ಮಲಗುವ ಕೋಣೆಗೆ ಬರುವುದು, ಅತಿಥಿಗಳಿಲ್ಲದ ದಿನಗಳಲ್ಲಿ ಕೋಣೆಯನ್ನು ವಾರಗಟ್ಟಲೆ ಮುಚ್ಚಿಡುವುದು ಇದನ್ನು ಹೆಚ್ಚಿಸುತ್ತವೆ. ಕಪಾಟಿನ ಹಿಂಭಾಗ ಮತ್ತು ಮೂಲೆಗಳಲ್ಲಿ ಗಾಳಿಯಾಡದಿರುವುದರಿಂದ ಬೂಷ್ಟು ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

ಮೊದಲ ಮೂರರಲ್ಲಿ ಯಾವುದೇ ಒಂದಿದ್ದರೂ ಅದನ್ನು ಸರಿಪಡಿಸದೆ ಕಾಗದ ಅಂಟಿಸತಕ್ಕದ್ದಲ್ಲ. ಕಾಗದವು ಕಲೆಯನ್ನು ಮರೆಮಾಡುತ್ತದೆಯೇ ಹೊರತು ತೇವವನ್ನು ತಡೆಯುವುದಿಲ್ಲ. ಮರೆಯಲ್ಲಿರುವ ದೋಷವು ಕಣ್ಣಿಗೆ ಬೀಳುವಷ್ಟರಲ್ಲಿ ದುರಸ್ತಿಯ ವೆಚ್ಚ ಹಲವು ಪಟ್ಟು ಬೆಳೆದಿರುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು

ಇಲ್ಲಿ ಒಂದು ಮುಖ್ಯ ಎಚ್ಚರಿಕೆ ಅಗತ್ಯ. ಮಾರ್ಚ್ ತಿಂಗಳಲ್ಲಿ ಪರೀಕ್ಷಿಸಿದರೆ ಕಾಫಿ ಸೀಮೆಯ ಹೆಚ್ಚಿನ ಗೋಡೆಗಳು ಒಣಗಿದಂತೆಯೇ ತೋರುತ್ತವೆ. ಗೋಡೆಯ ನಿಜಸ್ಥಿತಿ ತಿಳಿಯುವುದು ಪುನರ್ವಸು, ಪುಷ್ಯ ಮತ್ತು ಆಶ್ಲೇಷಾ ಮಳೆಗಳ ಅವಧಿಯಲ್ಲಿ, ಅಂದರೆ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ. ಆದುದರಿಂದ ಮಳೆಗಾಲದಲ್ಲಿ ಪರೀಕ್ಷೆ, ಬೇಸಿಗೆಯಲ್ಲಿ ಕೆಲಸ ಎಂಬುದನ್ನು ನಿಯಮವಾಗಿ ಪಾಲಿಸಬೇಕು.

ಪಾಲಿಥೀನ್ ಪರೀಕ್ಷೆ: ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಭದ್ರವಾಗಿ ಮುಚ್ಚಬೇಕು. ಎರಡು ದಿನಗಳ ನಂತರ ನೋಡಿದಾಗ ಹಾಳೆಯ ಒಳಮೈಯಲ್ಲಿ ಹನಿಗಳಿದ್ದರೆ ಅಥವಾ ಅದರ ಹಿಂದಿನ ಗೋಡೆ ಕಪ್ಪಾಗಿದ್ದರೆ ತೇವವು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಹನಿಗಳು ಕೋಣೆಯ ಕಡೆಯ ಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಹೊರಗೋಡೆಯ ಬುಡ, ನಡು, ತಲೆ ಹಾಗೂ ಕಿಟಕಿಯ ಕೆಳಭಾಗ ಹೀಗೆ ನಾಲ್ಕು ಕಡೆ ಪರೀಕ್ಷಿಸಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಕೈ ಮತ್ತು ಅಂಟುಪಟ್ಟಿಯ ಪರೀಕ್ಷೆ: ಅಂಗೈಯಿಂದ ಗೋಡೆಯನ್ನು ಸವರಿದಾಗ ಸುಣ್ಣದ ಪುಡಿ ಹತ್ತಿದರೆ ಕಾಗದ ನಿಲ್ಲುವುದಿಲ್ಲ. ಅಂಟುಪಟ್ಟಿಯನ್ನು ಒತ್ತಿ ಅಂಟಿಸಿ ಥಟ್ಟನೆ ಕಿತ್ತಾಗ ಬಣ್ಣದ ಪದರ ಕಳಚಿ ಬಂದರೆ ಆ ಪದರವನ್ನು ಹೆರೆದು ತೆಗೆಯಬೇಕು. ಕಾಗದದ ಹಿಡಿತವು ಅದರ ಕೆಳಗಿನ ಬಣ್ಣದ ಹಿಡಿತಕ್ಕಿಂತ ಹೆಚ್ಚಾಗಿರಲು ಸಾಧ್ಯವಿಲ್ಲ.

ಗಾಳಿಯ ತೇವಾಂಶದ ದಾಖಲೆ: ಹೈಗ್ರೋಮೀಟರ್ ಎಂಬ ಚಿಕ್ಕ ಉಪಕರಣವನ್ನು ಕೋಣೆಯಲ್ಲಿಟ್ಟು ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಬೆಳಿಗ್ಗೆ ಮತ್ತು ರಾತ್ರಿ ಅಂಕಿಗಳನ್ನು ಬರೆದಿಡುವುದು ಉಪಯುಕ್ತ. ಸಾಪೇಕ್ಷ ಆರ್ದ್ರತೆಯು ದಿನಗಟ್ಟಲೆ ಶೇ. 75-80ಕ್ಕಿಂತ ಮೇಲೆಯೇ ಉಳಿದರೆ ಕಾಗದ ಮತ್ತು ಅಂಟಿನ ಮೇಲೆ ಬೂಷ್ಟು ಬೆಳೆಯಲು ಅನುಕೂಲ ವಾತಾವರಣವಿದೆ ಎಂದು ತಿಳಿಯಬೇಕು. ತೋಟದಲ್ಲಿರುವ ಕಾಫಿ ಬೀಜದ ತೇವಾಂಶ ಮಾಪಕವು ಈ ಕೆಲಸಕ್ಕೆ ಬಾರದು. ಗೋಡೆಯ ತೇವವನ್ನು ಅಳೆಯುವ ಮಾಪಕವೇ ಬೇರೆ.

ಬೂಷ್ಟು ಮತ್ತು ಆರೋಗ್ಯ

ಒದ್ದೆಯಾದ ಗೋಡೆಕಾಗದವು ಮನೆಯವರ ಆರೋಗ್ಯಕ್ಕೆ ಕುತ್ತು ತಂದ ಇತಿಹಾಸವಿದೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1775ರಲ್ಲಿ ಸಿದ್ಧಪಡಿಸಿದ, ತಾಮ್ರ ಮತ್ತು ಆರ್ಸೆನಿಕ್‌ಗಳಿಂದ ಕೂಡಿದ ಹಸಿರು ಬಣ್ಣವು 19ನೆಯ ಶತಮಾನದಲ್ಲಿ ಯುರೋಪಿನ ಗೋಡೆಕಾಗದಗಳಲ್ಲಿ ಹೇರಳವಾಗಿ ಬಳಕೆಗೆ ಬಂದಿತು. ತೇವವಿದ್ದ ಕೋಣೆಗಳಲ್ಲಿ ವಾಸಿಸಿದವರು ಕಾರಣ ತಿಳಿಯದೆ ಕಾಯಿಲೆ ಬೀಳುತ್ತಿದ್ದರು. 1890ರ ದಶಕದಲ್ಲಿ ಇಟಲಿಯ ವೈದ್ಯ ವಿಜ್ಞಾನಿ ಬಾರ್ತೊಲೊಮಿಯೊ ಗೋಸಿಯೊ, ಆರ್ಸೆನಿಕ್ ಬಣ್ಣಗಳ ಮೇಲೆ ಬೆಳೆಯುವ ಬೂಷ್ಟು ವಿಷಾನಿಲವನ್ನು ಹೊರಬಿಡುತ್ತದೆಂದು ತೋರಿಸಿಕೊಟ್ಟನು.

ಇಂದಿನ ಕಾಗದಗಳಲ್ಲಿ ಆ ಬಣ್ಣವಿಲ್ಲ. ಆದರೆ ಅಂದು ಬೂಷ್ಟಿಗೆ ಆಹಾರವಾಗಿದ್ದ ಕಾಗದ ಮತ್ತು ಹಿಟ್ಟಿನ ಅಂಟು ಇಂದಿಗೂ ಇವೆ. ಬೂಷ್ಟಿನ ಬೀಜಕಣಗಳು ಅಸ್ತಮಾ ಹಾಗೂ ಅಲರ್ಜಿ ಇರುವವರಿಗೆ ತೊಂದರೆಯನ್ನುಂಟುಮಾಡುತ್ತವೆ. ಬರಿಯ ಗೋಡೆಯ ಮೇಲಿನ ಬೂಷ್ಟು ಕಣ್ಣಿಗೆ ಕಾಣುತ್ತದೆ, ಒರೆಸಿ ತೆಗೆಯಬಹುದು. ಕಾಗದದ ಹಿಂದಿನದು ವಾಸನೆಯಿಂದ ಮಾತ್ರ ತಿಳಿಯುತ್ತದೆ. ಮಕ್ಕಳು, ವೃದ್ಧರು ಅಥವಾ ಉಸಿರಾಟದ ತೊಂದರೆಯುಳ್ಳವರು ಮಲಗುವ ಕೋಣೆಯ ಬಗ್ಗೆ ಸಂದೇಹವಿದ್ದಲ್ಲಿ ಕಾಗದವನ್ನು ಕೈಬಿಡುವುದೇ ಲೇಸು.

ಗೆದ್ದಲು ಮತ್ತು ಹುಳುಗಳು

ಮಲೆನಾಡಿನಲ್ಲಿ ಗೆದ್ದಲಿನ ಕಾಟ ಎಲ್ಲರಿಗೂ ತಿಳಿದದ್ದೇ. ಗೆದ್ದಲು ಗೋಡೆಯ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ತೊಲೆ, ಚೌಕಟ್ಟುಗಳತ್ತ ಸಾಗುತ್ತದೆ. ಬರಿಯ ಗೋಡೆಯಲ್ಲಿ ಈ ಕೊಳವೆಯನ್ನು ಕಂಡ ಕೂಡಲೇ ಕೆರೆದು ಹಾಕಿ ಔಷಧಿ ಬಿಡಬಹುದು. ಕಾಗದ ಅಂಟಿಸಿದ ಗೋಡೆಯಲ್ಲಾದರೋ ಗೆದ್ದಲಿಗೆ ಮರೆಯೂ ದೊರೆಯುತ್ತದೆ, ಆಹಾರವೂ ದೊರೆಯುತ್ತದೆ. ಮರದ ಬಾಗಿಲುವಾಡ, ತೊಲೆಗಳಿರುವ ಹಳೆಯ ಮನೆಗಳಲ್ಲಿ ಗೆದ್ದಲು ನಿರೋಧಕ ಚಿಕಿತ್ಸೆಯನ್ನು ಮೊದಲು ಮಾಡಿಸಿ, ಕಾಗದವನ್ನು ನೆಲದಿಂದ ನಾಲ್ಕೈದು ಅಂಗುಲ ಮೇಲೆ, ಅಂದರೆ ನೆಲಪಟ್ಟಿಯ ಮೇಲಂಚಿನಿಂದ ಆರಂಭಿಸುವುದು ಯೋಗ್ಯ. ಹಳೆಯ ಪುಸ್ತಕಗಳಲ್ಲಿ ಕಾಣಸಿಗುವ ಬೆಳ್ಳಿ ಬಣ್ಣದ ಸಿಲ್ವರ್‌ಫಿಶ್ ಹುಳುವೂ ಪಿಷ್ಟದ ಅಂಟನ್ನು ಅರಸಿ ಬರುತ್ತದೆ.

ಕಾಗದದ ಆಯ್ಕೆ

ಗೋಡೆ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಕಾಗದದ ಪ್ರಶ್ನೆ ಬರುತ್ತದೆ. ಪೇಟೆಯಲ್ಲಿ ದೊರೆಯುವ ಬಗೆಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸಬಹುದು.

ಸಾದಾ ಕಾಗದ: ಬೆಲೆ ಕಡಿಮೆ, ತೇವದಲ್ಲಿ ಹಿಗ್ಗುತ್ತದೆ, ಒರೆಸಲಾಗದು. ಮಲೆನಾಡಿಗೆ ಸೂಕ್ತವಲ್ಲ.

ನಾನ್‌ವೋವನ್: ಮರದ ನಾರು ಮತ್ತು ಕೃತಕ ನಾರುಗಳ ಮಿಶ್ರಣ. ತೇವದಲ್ಲಿ ಹಿಗ್ಗುವುದು ಅತಿ ಕಡಿಮೆ. ವಿನೈಲ್ ಲೇಪವಿಲ್ಲದಿದ್ದಲ್ಲಿ ಗೋಡೆಯ ಆವಿಯನ್ನು ಹೊರಬಿಡುತ್ತದೆ. ಅಂಟನ್ನು ಗೋಡೆಗೆ ಹಚ್ಚಿ ಅಂಟಿಸಬಹುದು, ಮುಂದೆ ತೆಗೆಯುವಾಗ ಒಣದಾಗಿಯೇ ಪಟ್ಟಿಯಾಗಿ ಬಿಡಿಸಬಹುದು.

ವಿನೈಲ್: ಮೇಲ್ಮೈ ಪ್ಲಾಸ್ಟಿಕ್‌ನದಾದುದರಿಂದ ಒದ್ದೆ ಬಟ್ಟೆಯಿಂದ ಒರೆಸಬಹುದು. ಈ ಗುಣದಿಂದಾಗಿಯೇ ಮಳೆ ಸೀಮೆಗೆ ವಿನೈಲ್ ಉತ್ತಮವೆಂಬ ಅಭಿಪ್ರಾಯವಿದೆ. ಆದರೆ ಒಳಗಿನ ನೀರನ್ನು ತಡೆಯುವ ಮೇಲ್ಮೈಯು ಗೋಡೆಯ ಆವಿಯನ್ನೂ ಹೊರಬಿಡದೆ ಹಿಡಿದಿಡುತ್ತದೆ.

ಹುಲ್ಲು, ಸೆಣಬು ಮುಂತಾದ ಸಹಜ ನಾರಿನ ಹೊದಿಕೆಗಳು: ನೋಡಲು ಅಂದ, ಆದರೆ ತೇವ, ಧೂಳು ಮತ್ತು ಹುಳುಗಳಿಗೆ ಬಹುಬೇಗ ತುತ್ತಾಗುತ್ತವೆ.

ವಿನೈಲ್‌ನ ವಿಷಯದಲ್ಲಿ ಅಮೆರಿಕದ ಫ್ಲೋರಿಡಾ ಮುಂತಾದ ಬಿಸಿ-ತೇವದ ರಾಜ್ಯಗಳ ಹೋಟೆಲುಗಳ ಅನುಭವ ಗಮನಾರ್ಹ. ಅಲ್ಲಿನ ಹವಾನಿಯಂತ್ರಿತ ಕೋಣೆಗಳಲ್ಲಿ ಹೊರಗಿನ ತೇವದ ಗಾಳಿಯು ಗೋಡೆಯೊಳಗೆ ನುಗ್ಗಿ ತಂಪಾದ ವಿನೈಲ್ ಹೊದಿಕೆಯ ಹಿಂದೆ ಸಿಲುಕಿ, ಬೂಷ್ಟು ಬೆಳೆದು, ಕೋಣೆಗಳನ್ನು ಮುಚ್ಚಿ ಗೋಡೆಗಳನ್ನೇ ಕಿತ್ತು ಸರಿಪಡಿಸಬೇಕಾದ ಪ್ರಸಂಗಗಳು ಒದಗಿದವು. ಕಾಫಿ ಸೀಮೆಯ ಮನೆಗಳಲ್ಲಿ ಹವಾನಿಯಂತ್ರಣ ಅಪರೂಪವಾದರೂ ತೇವವನ್ನು ಕುಡಿದ ಗೋಡೆಯ ಮುಂದೆ ಪ್ಲಾಸ್ಟಿಕ್ ಪರದೆಯನ್ನು ಎಳೆದಾಗ ಆಗುವ ಪರಿಣಾಮದಲ್ಲಿ ವ್ಯತ್ಯಾಸವಿಲ್ಲ.

ಈ ಎಲ್ಲ ಕಾರಣಗಳಿಂದ ಮೂಡಿಗೆರೆ, ಕಳಸ ಭಾಗಗಳಲ್ಲಿ ನಾಲ್ಕೂ ಗೋಡೆಗಳಿಗೆ ಕಾಗದ ಅಂಟಿಸುವ ಬದಲು ಎರಡೂ ಬದಿಗಳಲ್ಲಿ ಕೋಣೆಗಳಿರುವ ಒಂದು ಒಳಗೋಡೆಗೆ ಮಾತ್ರ, ಲೇಪವಿಲ್ಲದ ನಾನ್‌ವೋವನ್ ಕಾಗದವನ್ನು ಅಂಟಿಸುವುದು ವಿವೇಕಯುತ. ಮಂಚದ ತಲೆಬದಿಯ ಗೋಡೆ ಇಂತಹ ಒಳಗೋಡೆಯಾಗಿದ್ದರೆ ಅಲಂಕಾರದ ಉದ್ದೇಶ ಪೂರ್ಣವಾಗಿ ಈಡೇರುತ್ತದೆ. ಉಳಿದ ಗೋಡೆಗಳಿಗೆ ಸುಣ್ಣ ಅಥವಾ ಉಸಿರಾಡುವ ಬಣ್ಣ ಸಾಕು. ಸ್ನಾನಗೃಹಕ್ಕೆ ತಾಗಿದ ಗೋಡೆಯನ್ನು ಮಾತ್ರ ಒಳಗೋಡೆಯೆಂದು ಪರಿಗಣಿಸಬಾರದು.

ತಳ ಸಿದ್ಧತೆ ಮತ್ತು ಅಂಟು

ಹಳೆಯ ಸುಣ್ಣ, ಡಿಸ್ಟೆಂಪರ್‌ಗಳನ್ನು ಗಟ್ಟಿ ತಳ ಸಿಗುವವರೆಗೆ ಹೆರೆದು, ಬಿರುಕು ಮತ್ತು ಮೊಳೆ ತೂತುಗಳನ್ನು ಮುಚ್ಚಿ, ಉಜ್ಜುಕಾಗದದಿಂದ ಸಮತಟ್ಟು ಮಾಡಬೇಕು. ಹಿಂದೆ ಬೂಷ್ಟು ಹಿಡಿದಿದ್ದ ಜಾಗವನ್ನು ಶಿಲೀಂಧ್ರನಾಶಕ ದ್ರಾವಣದಿಂದ ತೊಳೆದು ಪೂರ್ಣವಾಗಿ ಒಣಗಿಸಬೇಕು. ಅನಂತರ ಕಾಗದದ ತಯಾರಕರು ಸೂಚಿಸಿದ ಪ್ರೈಮರ್ ಹಚ್ಚಬೇಕು. ಮೈದಾ ಹಿಟ್ಟಿನ ಅಂಟನ್ನು ಮನೆಯಲ್ಲಿಯೇ ಕಾಯಿಸಿ ಬಳಸುವುದು ಅಗ್ಗವೆನಿಸಿದರೂ ಅದು ಬೂಷ್ಟಿಗೂ ಹುಳುವಿಗೂ ಔತಣವಾಗುತ್ತದೆ. ಶಿಲೀಂಧ್ರನಿರೋಧಕವನ್ನು ಒಳಗೊಂಡ ಸಿದ್ಧ ಅಂಟನ್ನೇ ಆರಿಸಿಕೊಳ್ಳಬೇಕು. ಗೋಡೆಯಲ್ಲಿನ ವಿದ್ಯುತ್ ಸ್ವಿಚ್‌ಗಳ ಸುತ್ತ ಕೆಲಸ ಮಾಡುವಾಗ ಮುಖ್ಯ ಸ್ವಿಚ್ಚನ್ನು ಆರಿಸುವುದು ಕಡ್ಡಾಯ.

ಕಾಲನಿರ್ಣಯ

ನವೆಂಬರ್‌ನಿಂದ ಗೋಡೆಗಳು ನಿಧಾನವಾಗಿ ಆರತೊಡಗುತ್ತವೆ. ಆದರೆ ಆಗ ಕಾಫಿ ಕೊಯ್ಲು ಆರಂಭವಾಗಿ ಮನೆಯವರ ಗಮನವೆಲ್ಲ ತೋಟ ಮತ್ತು ಕಣದ ಕಡೆಗಿರುತ್ತದೆ. ಕೊಯ್ಲಿನ ಒತ್ತಡ ಇಳಿಯುವ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳೇ ಕಾಗದ ಅಂಟಿಸಲು ಪ್ರಶಸ್ತ. ಆ ವೇಳೆಗೆ ಗೋಡೆ ಮೂರು ನಾಲ್ಕು ತಿಂಗಳ ಒಣಹವೆಯನ್ನು ಕಂಡಿರುತ್ತದೆ. ಮುಂದೆ ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆಯ ಅತಿಥಿಗಳಿಗೂ ಕೋಣೆ ಸಿದ್ಧವಾಗಿರುತ್ತದೆ. ಹೂಮಳೆ ಬಂದರೂ ಒಂದೆರಡು ದಿನಗಳ ಮಳೆಯಿಂದ ಒಳಗೋಡೆಗೆ ಬಾಧೆಯಿಲ್ಲ.

ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಹೊರಗೆ ಬಿಸಿಲಿದ್ದರೂ ಗೋಡೆಯ ಒಡಲು ಮಳೆಗಾಲದ ನೀರಿನಿಂದ ತುಂಬಿರುತ್ತದೆ. ಅವಸರದ ಆದೇಶಗಳು ಬರುವುದೂ ಅದೇ ಸಮಯದಲ್ಲಿ. ಮೇಲ್ಮೈ ಒಣಗಿದೆಯೆಂದು ನಂಬಿ ಮೋಸಹೋಗಬಾರದು. ಕಾಫಿಯನ್ನು ಕಣದಲ್ಲಿ ಸರಿಯಾಗಿ ಒಣಗಿಸದೆ ಚೀಲ ಕಟ್ಟಿದರೆ ಏನಾಗುತ್ತದೆಂಬುದು ಈ ಭಾಗದ ಪ್ರತಿಯೊಬ್ಬ ಬೆಳೆಗಾರನಿಗೂ ವ್ಯಾಪಾರಿಗೂ ತಿಳಿದಿದೆ. ಹಸಿ ಗೋಡೆಗೆ ಕಾಗದ ಅಂಟಿಸುವುದೂ ಅಂಥದೇ ಕೆಲಸ.

ಸುರುಳಿಗಳ ಲೆಕ್ಕ

ಸಾಮಾನ್ಯ ಯುರೋಪಿಯನ್ ಅಳತೆಯ ಸುರುಳಿ 0.53 ಮೀಟರ್ ಅಗಲ, 10.05 ಮೀಟರ್ ಉದ್ದವಿದ್ದು ಸುಮಾರು 57 ಚದರ ಅಡಿ ಆಗುತ್ತದೆ. ಕೋಣೆಯ ಗೋಡೆಗಳ ವಿಸ್ತೀರ್ಣವನ್ನು 57ರಿಂದ ಭಾಗಿಸಿ ಸುರುಳಿಗಳನ್ನು ತರಿಸುವುದು ರೂಢಿಯಲ್ಲಿದೆ. ಈ ಲೆಕ್ಕ ಎತ್ತರದ ಕೋಣೆಗಳಲ್ಲಿ ತಪ್ಪುತ್ತದೆ.

ಉದಾಹರಣೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆಯ ಸುತ್ತಳತೆ 48 ಅಡಿ, ಅಂದರೆ 14.63 ಮೀಟರ್. ಬಾಗಿಲು ಕಿಟಕಿಗಳನ್ನು ಕಳೆಯದಿದ್ದರೆ 28 ಪಟ್ಟಿಗಳು ಬೇಕು. ಗೋಡೆಯ ಎತ್ತರ 10 ಅಡಿಯಾದರೆ, ಕತ್ತರಿಸಲು 10 ಸೆಂಟಿಮೀಟರ್ ಸೇರಿಸಿ ಪ್ರತಿ ಪಟ್ಟಿಗೆ 3.15 ಮೀಟರ್ ಆಗುತ್ತದೆ. ಒಂದು ಸುರುಳಿಯಲ್ಲಿ 3 ಪಟ್ಟಿಗಳು ದೊರೆತು ಒಟ್ಟು 10 ಸುರುಳಿಗಳು ಸಾಕು. ಎತ್ತರ 11 ಅಡಿಯಾದರೆ ಪ್ರತಿ ಪಟ್ಟಿ 3.45 ಮೀಟರ್. ಆಗ ಒಂದು ಸುರುಳಿಯಲ್ಲಿ ಎರಡೇ ಪಟ್ಟಿಗಳು ಬರುವುದರಿಂದ 14 ಸುರುಳಿಗಳು ಬೇಕಾಗುತ್ತವೆ. ವಿಸ್ತೀರ್ಣದ ಲೆಕ್ಕವಾದರೋ ಮೊದಲ ಕೋಣೆಗೆ 9, ಎರಡನೆಯದಕ್ಕೆ 10 ಎಂದಷ್ಟೇ ಹೇಳುತ್ತದೆ. ಉಳಿಯುವ ತುಂಡುಗಳನ್ನು ಬಾಗಿಲು ಕಿಟಕಿಗಳ ಮೇಲೆ ಕೆಳಗೆ ಬಳಸಿ ಕೆಲವು ಸುರುಳಿಗಳನ್ನು ಉಳಿಸಬಹುದಾದರೂ ಹಳೆಯ ಬಂಗಲೆಗಳ ಎತ್ತರದ ಗೋಡೆಗಳಲ್ಲಿ ಪಟ್ಟಿಗಳ ಲೆಕ್ಕವನ್ನೇ ನಂಬಬೇಕು.

ವಿನ್ಯಾಸವು ಪುನರಾವರ್ತನೆಯಾಗುವ ಅಂತರವನ್ನೂ ಸೇರಿಸಬೇಕು. ಈ ಅಂತರ 64 ಸೆಂಟಿಮೀಟರ್ ಆಗಿದ್ದರೆ 3.15 ಮೀಟರಿನ ಪಟ್ಟಿಗೆ 3.20 ಮೀಟರ್ ಕತ್ತರಿಸಬೇಕಾಗುತ್ತದೆ. ಕೊರಿಯಾ ಮೂಲದ ಸುರುಳಿಗಳು ಸಾಮಾನ್ಯವಾಗಿ 1.06 ಮೀಟರ್ ಅಗಲ, ಸುಮಾರು 15.6 ಮೀಟರ್ ಉದ್ದವಿರುವುದರಿಂದ ಒಂದರ ಬೆಲೆಯನ್ನು ಮತ್ತೊಂದರ ಬೆಲೆಯೊಂದಿಗೆ ನೇರವಾಗಿ ಹೋಲಿಸಬಾರದು. ಎಲ್ಲ ಸುರುಳಿಗಳ ಮೇಲಿನ ಬ್ಯಾಚ್ ಸಂಖ್ಯೆ ಒಂದೇ ಆಗಿರತಕ್ಕದ್ದು. ಬೇರೆ ಬ್ಯಾಚಿನ ಬಣ್ಣದಲ್ಲಿ ಸೂಕ್ಷ್ಮ ವ್ಯತ್ಯಾಸ ಇರಬಹುದಾದುದರಿಂದ ಮುಂದಿನ ದುರಸ್ತಿಗಾಗಿ ಒಂದು ಸುರುಳಿಯನ್ನು ಹೆಚ್ಚುವರಿಯಾಗಿ ಕೊಂಡು ಒಣ ಜಾಗದಲ್ಲಿ ಇರಿಸಿಕೊಳ್ಳಬೇಕು.

ವೆಚ್ಚದ ಅಂದಾಜಿನಲ್ಲಿ ಕಾಗದ, ಪ್ರೈಮರ್, ಅಂಟು, ಕೂಲಿ, ಜಿಎಸ್‌ಟಿ ಹಾಗೂ ಕುಶಲಕರ್ಮಿಯ ಪ್ರಯಾಣ ವೆಚ್ಚ ಎಲ್ಲವೂ ಸೇರಬೇಕು. ಒಟ್ಟು ಮೊತ್ತವನ್ನು ಕಾಗದ ಬಾಳುವ ವರ್ಷಗಳಿಂದ ಭಾಗಿಸಿ ಬಣ್ಣದ ವಾರ್ಷಿಕ ವೆಚ್ಚದೊಂದಿಗೆ ಹೋಲಿಸಿದರೆ ನಿರ್ಧಾರ ಸುಲಭ. ಆರು ವರ್ಷ ಬಾಳಬೇಕಾದ ಕಾಗದ ಎರಡೇ ವರ್ಷಗಳಲ್ಲಿ ಕೆಟ್ಟರೆ ವಾರ್ಷಿಕ ವೆಚ್ಚ ಮೂರು ಪಟ್ಟಾಗುತ್ತದೆ. ಭದ್ರೆಯ ನೆರೆಯಲ್ಲಿ ಹಲವು ಬಾರಿ ಮುಳುಗಿದ ಹೆಬ್ಬಾಳೆ ಸೇತುವೆಯ ಆಚೆಗಿನ ಊರುಗಳಂತಹ ಕಡೆ ಮಳೆಗಾಲದಲ್ಲಿ ದುರಸ್ತಿಗೆ ಜನ ಸಿಗುವುದೂ ಕಷ್ಟವೆಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕು.

ವರ್ತಕರ ಹೊಣೆ

ಈ ವಿಷಯದಲ್ಲಿ ಮಾರಾಟಗಾರರ ಪಾತ್ರವೂ ದೊಡ್ಡದು. ಗ್ರಾಹಕರು ಮಾದರಿ ಪುಸ್ತಕವನ್ನು ಕೇಳಿದಾಗ ಗೋಡೆಯ ಬಗ್ಗೆ ನಾಲ್ಕು ಪ್ರಶ್ನೆಗಳನ್ನು ಕೇಳುವ ವರ್ತಕರು ಆ ದಿನ ಒಂದು ಆದೇಶವನ್ನು ಕಳೆದುಕೊಳ್ಳಬಹುದು. ಆದರೆ ಒಂದು ಮಳೆಗಾಲದಲ್ಲಿ ಕೆಟ್ಟ ಕೋಣೆಯ ಸುದ್ದಿ ಇಡೀ ಹೋಬಳಿಗೆ ಹರಡುತ್ತದೆ. ಗ್ರಾಹಕರ ಸಂರಕ್ಷಣಾ ಅಧಿನಿಯಮ, 2019 ಸರಕಿನ ದೋಷ ಮತ್ತು ಸೇವೆಯ ನ್ಯೂನತೆ ಎರಡನ್ನೂ ಒಳಗೊಂಡಿದೆ. ಕಾಗದ ಒಳ್ಳೆಯದಾಗಿತ್ತು, ಗೋಡೆ ಕೆಟ್ಟಿತ್ತು ಎಂಬ ಸಮಜಾಯಿಷಿಯನ್ನು ಕಾಗದ ಕೆಟ್ಟ ಮೇಲೆ ಹೇಳುವುದಕ್ಕಿಂತ ಗೋಡೆಯ ಸ್ಥಿತಿಯನ್ನು ಕೆಲಸಕ್ಕೆ ಮೊದಲೇ ಬರಹದಲ್ಲಿ ದಾಖಲಿಸಿ, ಎರಡೂ ಕಡೆಯವರು ಸಹಿ ಮಾಡುವುದು ಲೇಸು. ದರಪಟ್ಟಿಯಲ್ಲಿ ಕಾಗದದ ಬಗೆ, ಬ್ಯಾಚ್ ಸಂಖ್ಯೆ, ಅಂಟಿನ ಹೆಸರು, ಗೋಡೆ ಪರೀಕ್ಷೆಯ ದಿನಾಂಕ ಹಾಗೂ ಖಾತರಿಯ ಷರತ್ತುಗಳನ್ನು ನಮೂದಿಸಬೇಕು.

ಉಪಸಂಹಾರ

ಕಾಗದ ಕೊಳ್ಳುವ ಮೊದಲು ಮನೆಯ ಯಜಮಾನರು ಈ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಒಳಿತು.

1. ಈ ಗೋಡೆಯನ್ನು ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಪರೀಕ್ಷಿಸಲಾಗಿದೆಯೇ?
2. ತೇವ ಕಂಡಿದ್ದರೆ ಅದರ ಮೂಲ ಯಾವುದು, ಅದು ದುರಸ್ತಿಯಾಗಿದೆಯೇ?
3. ಇದು ಒಳಗೋಡೆಯೇ, ಹೊರಗೋಡೆಯೇ? ಇದರ ಹಿಂದೆ ಸ್ನಾನಗೃಹವಿದೆಯೇ?
4. ಗೆದ್ದಲು ನಿರೋಧಕ ಚಿಕಿತ್ಸೆ ಆಗಿದೆಯೇ?
5. ಮಳೆಗಾಲದಲ್ಲಿ ಅತಿಥಿಗಳಿಲ್ಲದ ದಿನಗಳಲ್ಲಿಯೂ ಕೋಣೆಯ ಕಿಟಕಿ ತೆರೆಯುವವರು ಇದ್ದಾರೆಯೇ?
6. ಆರಿಸಿದ ಕಾಗದ ಗೋಡೆಯ ಆವಿಯನ್ನು ಹೊರಬಿಡುವಂಥದೇ?
7. ಕೆಲಸವು ಫೆಬ್ರುವರಿ-ಮಾರ್ಚ್ ತಿಂಗಳುಗಳಲ್ಲಿ ಮುಗಿಯುವಂತಿದೆಯೇ?

ಇವುಗಳಲ್ಲಿ ಒಂದಕ್ಕಾದರೂ ಸಮಾಧಾನಕರ ಉತ್ತರ ದೊರೆಯದಿದ್ದರೆ ಆ ವರ್ಷ ಸುಣ್ಣ ಅಥವಾ ಬಣ್ಣದಿಂದಲೇ ತೃಪ್ತಿಪಡುವುದು ನಷ್ಟವಲ್ಲ. ಒಂದು ಮಳೆಗಾಲವನ್ನು ಕಾದು ಗೋಡೆಯ ಗುಣವನ್ನು ತಿಳಿದುಕೊಂಡವರಿಗೆ ಮುಂದಿನ ಬೇಸಿಗೆಯಲ್ಲಿ ಅದೇ ಕಾಗದ, ಅದೇ ಬೆಲೆಗೆ, ಹೆಚ್ಚು ವರ್ಷ ಬಾಳಿಕೆ ಬರುತ್ತದೆ.